ಎಸ್9ರಲ್ಲಿ ಸಂಜೆಯಾದರೆ ಎಚ್‌ಡಬ್ಲ್ಯು ಎರರ್ ಜಾಸ್ತಿ: ಪವರ್ ಸಪ್ಲೈ ತೊಂದರೆಯಾ, ಬೋರ್ಡ್ ತೊಂದರೆಯಾ?

ಹಾವೇರಿ_ಮೈನರ್
ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಆಂಟ್‌ಮೈನರ್ ಎಸ್9 (ಬಿಟ್‌ಕಾಯಿನ್ ಮೈನಿಂಗ್ ಮಷೀನ್) ಇದೆ, ವೇಗ 13.5 ಟೆರಾಹ್ಯಾಶ್. ಜೊತೆಗೆ ಎಪಿಡಬ್ಲ್ಯು3++ ಪವರ್ ಸಪ್ಲೈ. ಹಗಲೆಲ್ಲ ಚೆನ್ನಾಗಿ ಓಡುತ್ತದೆ. ಸಂಜೆ ಏಳರ ಹೊತ್ತಿಗೆ ಚೈನ್ 8ರಲ್ಲಿ (ಮೂರು ಚಿಪ್ ಬೋರ್ಡುಗಳಲ್ಲಿ ಒಂದು) ಎಚ್‌ಡಬ್ಲ್ಯು, ಅಂದರೆ ಹಾರ್ಡ್‌ವೇರ್ ಎರರ್ ಏರುತ್ತದೆ. ಸ್ಟೇಟಸ್ ಪುಟದಲ್ಲಿ ಸರಿಯಿರುವ ಚಿಪ್‌ನ 'ಒ' ಇದ್ದ ಕಡೆ ಕೈಕೊಟ್ಟ ಚಿಪ್‌ನ 'ಎಕ್ಸ್' ಬರುತ್ತವೆ, ಕೊನೆಗೆ ಬೋರ್ಡೇ ಮಾಯ. ರೀಬೂಟ್ ಮಾಡಿದರೆ ವಾಪಸ್ ಬರುತ್ತದೆ. ಫ್ಯಾನ್ ಎರಡೂ ಸರಿ ಇವೆ, ಬಿಸಿ ಬೇರೆ ಬೋರ್ಡುಗಳಷ್ಟೇ. ಮಾರಿದವರು "ಬೋರ್ಡ್ ಹೋಗಿದೆ, ಬೇರೆ ಹಾಕ್ಸಿ" ಅಂತಿದ್ದಾರೆ. ನಿಜಾನಾ?

ಲೆಕ್ಕದ_ಮಾಸ್ತರು
ಸುಮಾರು 1,350 ವ್ಯಾಟ್ ಅಂದರೆ ದಿನಕ್ಕೆ 32 ಯೂನಿಟ್. ಬಂದ ಬಿಟ್‌ಕಾಯಿನ್ ಮಾರಿದ ಲಾಭದ ಮೇಲೆ 30% ತೆರಿಗೆ, ಕರೆಂಟ್ ಬಿಲ್ ಕಳೆಯೋಕೂ ಬಿಡಲ್ಲ. ಯಾಕೆ ಬೇಕು ಸ್ವಾಮಿ?

ಹಾವೇರಿ_ಮೈನರ್
ಲಾಭಕ್ಕಲ್ಲ ಸರ್, ಕಲಿಯೋಕೆ. ಮಳೆಗಾಲದಲ್ಲಿ ಅದರ ಬಿಸಿಗಾಳಿಗೆ ಬಟ್ಟೆ ಒಣಗುತ್ತವೆ, ಸದ್ಯಕ್ಕೆ ಅದೊಂದೇ ಆದಾಯ.

ಬೆಸುಗೆ_ಬಸಣ್ಣ
ಬೋರ್ಡ್ ಕೊಳ್ಳೋಕೆ ಈಗಲೇ ಹೋಗಬೇಡಿ. ಕೆಟ್ಟ ಬೋರ್ಡ್ ಗಡಿಯಾರ ನೋಡಿ ಕೈಕೊಡಲ್ಲ. ನನಗೆ ಕರೆಂಟ್ ಮೇಲೇ ಅನುಮಾನ.

ಚಿಪ್ "ಉತ್ತರ ಸಿಕ್ಕಿತು" ಅಂತ ಒಂದು ಸಂಖ್ಯೆ ಕಳಿಸುತ್ತದೆ. ಕಂಟ್ರೋಲ್ ಬೋರ್ಡ್ ಅದನ್ನು ಮತ್ತೆ ಲೆಕ್ಕ ಹಾಕಿ ನೋಡುತ್ತದೆ. ತಾಳೆಯಾಗದಿದ್ದರೆ ಒಂದು ಎಚ್‌ಡಬ್ಲ್ಯು. ಅಲ್ಲೊಂದು ಇಲ್ಲೊಂದು ಎಲ್ಲ ಮಷೀನಿನಲ್ಲೂ ಇರುತ್ತದೆ, ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಒಂದೇ ಬೋರ್ಡಲ್ಲಿ ಸರಸರ ಏರಿದರೆ ಮಾತ್ರ ಚಿಂತೆ. ವೋಲ್ಟೇಜ್ ಕುಸಿದರೆ ಒಳ್ಳೆಯ ಚಿಪ್ ಕೂಡ ತಪ್ಪು ಲೆಕ್ಕ ಹಾಕುತ್ತದೆ.

ಮೊದಲು ಸಂಜೆ ಗೋಡೆಯ ಸಾಕೆಟ್‌ನಲ್ಲಿ ಮೀಟರ್ ಹಿಡಿಯಿರಿ. ಈ ಪವರ್ ಸಪ್ಲೈ 220 ವೋಲ್ಟ್‌ನಲ್ಲಿ 1,600 ವ್ಯಾಟ್ ಕೊಡುತ್ತದೆ, 110ರಲ್ಲಿ ಬರೀ 1,200. ವೋಲ್ಟೇಜ್ 190ಕ್ಕೆ ಇಳಿದರೆ ಅದು 7 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. 6 ಆಂಪಿಯರ್ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ತೆಗೆದು ಆಚೆ ಇಡಿ, 16 ಆಂಪಿಯರ್ ಸಾಕೆಟ್‌ಗೆ ನೇರ ಕೊಡಿ.

ಆಮೇಲೆ ಮಷೀನ್ ಓಡುತ್ತಿರುವಾಗಲೇ ಬೋರ್ಡಿನ ಕನೆಕ್ಟರ್ ಹಿಂಬದಿಯಿಂದ 12 ವೋಲ್ಟ್ ಅಳೆಯಿರಿ. ಮೀಟರ್ ಕಡ್ಡಿ ಜಾರಿ ಶಾರ್ಟ್ ಆಗದಂತೆ ಹುಷಾರು. ಲೋಡ್ ಇಲ್ಲದಾಗ ಎಲ್ಲ ಪವರ್ ಸಪ್ಲೈಗಳೂ ಸಾಚಾಗಳೇ. 11.4ಕ್ಕಿಂತ ಕೆಳಗೆ ಬಂದರೆ ಏನೋ ಎಡವಟ್ಟಿದೆ ಅಂತಲೇ ಅರ್ಥ.

ಇನ್ನೊಂದು: ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಚೈನ್ 8ರ ಮೂರು ಪವರ್ ಕೇಬಲ್‌ಗಳನ್ನು ಚೈನ್ 7ಕ್ಕೆ ಹಾಕಿ, ಅದರವನ್ನು ಇದಕ್ಕೆ. ಎರರ್ 7ಕ್ಕೆ ಹೋದರೆ ಕೇಬಲ್ ಅಥವಾ ಪವರ್ ಸಪ್ಲೈ. 8ರಲ್ಲೇ ಉಳಿದರೆ ಬೋರ್ಡ್, ಇಲ್ಲವೇ ಡೇಟಾ ಕೇಬಲ್. ಕರ್ನೆಲ್ ಲಾಗ್ (ಮಷೀನ್ ತಾನೇ ಬರೆದಿಡುವ ದಾಖಲೆ) ಕೂಡ ನೋಡಿ. ಬೋರ್ಡಿಗೆ 63 ಚಿಪ್, ಒಂದರಿಂದ ಒಂದಕ್ಕೆ ಸಿಗ್ನಲ್ ಸಾಗುತ್ತದೆ. ಲಾಗ್‌ನಲ್ಲಿ ಅದಕ್ಕಿಂತ ಕಡಿಮೆ ಚಿಪ್ ತೋರಿಸಿದರೆ ಆ ಲೆಕ್ಕದ ಆಸುಪಾಸಿನ ಚಿಪ್ಪೇ ಕಳ್ಳ.

ಪವರ್ ಸಪ್ಲೈ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವಕ್ಕೆ ಕುತ್ತು ತರುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಹಾವೇರಿ_ಮೈನರ್
ಬಸಣ್ಣ, ಎರರ್ 7ಕ್ಕೆ ಹೋಯಿತು! ಸಂಜೆ ಸಾಕೆಟ್‌ನಲ್ಲಿ 194 ಇತ್ತು. ಕೇಬಲ್ ಬಿಚ್ಚಿದಾಗ ಒಂದು ಪ್ಲಗ್‌ನ ಮೂಲೆ ಕಂದಾಗಿ ಮೆತ್ತಗಾಗಿದೆ, ಒಂದು ಪಿನ್ ಒಳಕ್ಕೆ ಸರಿದಿದೆ, ಹಳದಿ ತಂತಿಯ ಸಿಪ್ಪೆ ಗಟ್ಟಿಯಾಗಿದೆ. ಪವರ್ ಸಪ್ಲೈನ ಹತ್ತು ಕನೆಕ್ಟರ್‌ಗಳೂ ಬಳಕೆಯಲ್ಲಿವೆ, ಖಾಲಿ ಯಾವುದೂ ಇಲ್ಲ. ಆ ಪ್ಲಗ್ ಮಾತ್ರ ಬದಲಾಯಿಸಬಹುದಾ?

ಬೆಸುಗೆ_ಬಸಣ್ಣ
ಆಗುತ್ತೆ. ಒಂದು ಪಿನ್ ಕೂರದಿದ್ದರೆ ಅದರ ಪಾಲಿನ ಕರೆಂಟ್ ಉಳಿದವುಗಳ ಮೇಲೆ ಬೀಳುತ್ತದೆ. ವೋಲ್ಟೇಜ್ ಮೊದಲೇ ಇಳಿದಾಗ ಆ ಪ್ಲಗ್‌ನಲ್ಲಿ ಇನ್ನಷ್ಟು ಕುಸಿಯುತ್ತದೆ. ಗಟ್ಟಿಯಾದ ತಂತಿಯನ್ನು ಮೆತ್ತಗಿರುವವರೆಗೆ ಕತ್ತರಿಸಿ, ಹೊಸ ಪಿನ್‌ಗಳನ್ನು ಸರಿಯಾದ ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಿಸಿ. ಸುಮ್ನೆ ಟೇಪ್ ಸುತ್ತಿ ಬಿಡಬೇಡಿ. ಬೋರ್ಡ್ ಕಡೆಯ ಸಾಕೆಟ್ ಪಿನ್ ಕಪ್ಪಾಗಿದೆಯಾ ನೋಡಿ. ಕಪ್ಪಾಗಿದ್ದರೆ ಅದನ್ನೂ ಬದಲಾಯಿಸಬೇಕು, ಇಲ್ಲಾಂದ್ರೆ ಹೊಸ ಪ್ಲಗ್ಗೂ ಸುಡುತ್ತದೆ. ಇಷ್ಟಾದ ಮೇಲೂ ಸಂಜೆ 194 ಅಂತೂ 194ಏ. ಸ್ಟೆಬಿಲೈಸರ್ ತಗೊಳ್ಳುವುದಾದರೆ ಕನಿಷ್ಠ 3 ಕೆವಿಎದು ನೋಡಿ, ಟಿವಿಗೆ ಹಾಕುವಂಥದ್ದು ಬೇಡ.