ನನ್ನ ಕಾದಂಬರಿಯ ಸಾಮ್ರಾಜ್ಯದಲ್ಲಿ ಗಡಿಯೂರಿನ ಲೆಕ್ಕ ಯಾರ ಕೈಗೆ ಹೋಗಬೇಕು?

ಗವಿಪುರದ ಅಕ್ಕ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಗಂಟೆ, ಭಾನುವಾರ ಲಾಲ್‌ಬಾಗ್ ಬಂಡೆಯ ಮೇಲೆ ಕೂತು ಸ್ವಲ್ಪ ಜಾಸ್ತಿ ಹೊತ್ತು. ಸಾಮ್ರಾಜ್ಯದ ಹೆಸರು ಏಳುಹೊಳೆ. ಏಳು ಹೊಳೆ, ಏಳು ನಾಡು, ಒಂದೊಂದಕ್ಕೂ ಒಬ್ಬ ನಾಡೊಡೆಯ. ಎಲ್ಲರ ಮೇಲೆ ಮುಗಿಲಕೋಟೆಯ ಮಳೆರಾಣಿ. ಅವಳು ಕರೆದರೆ ಮಳೆ ಬರುತ್ತದೆ. ಕಥೆಯಲ್ಲಿ ಇರುವ ಮಾಯೆ ಅದೊಂದೇ.

ನನ್ನ ನಾಯಕಿ ಹೊನ್ನಿ, ಗಡಿಯೂರಿನಲ್ಲಿ ಲೆಕ್ಕ ಬರೆಯುವ ಹುಡುಗಿ. ಮುಗಿಲಕೋಟೆಯಿಂದ ಅಲ್ಲಿಗೆ ಕುದುರೆ ಮೇಲೆ ನಲವತ್ತು ದಿನ. ಕಳೆದ ತಿಂಗಳು ನನ್ನ ತಂಗಿ ಓದಿ ಕೇಳಿದಳು, "ಅಕ್ಕಾ, ಇವಳು ಬರೆದ ಲೆಕ್ಕ ಯಾರು ನೋಡ್ತಾರೆ? ನಾಡೊಡೆಯ ಕಪ್ಪ ಕಳಿಸದೇ ಹೋದ್ರೆ ರಾಣಿ ಏನು ಮಾಡ್ತಾಳೆ?" ಸೈನ್ಯ ಕಳಿಸ್ತಾಳೆ ಅಂದೆ. "ಸೈನ್ಯ ಇರೋದು ನಾಡೊಡೆಯರ ಹತ್ರಾನೇ ಅಲ್ವಾ?" ಅಂದಳು.

ಹದಿನೇಳನೇ ಅಧ್ಯಾಯ ಅಲ್ಲಿಗೇ ನಿಂತಿದೆ. ಮಂತ್ರಿಗಳು, ರಾಜಗುರು, ಸೇನಾಪತಿ ಎಲ್ಲ ಇದ್ದಾರೆ, ಆದರೆ ಎಲ್ಲರೂ ಅರಮನೆಯೊಳಗೇ ಇದ್ದಾರೆ. ಅರಮನೆಗೂ ಹೊನ್ನಿಯ ಊರಿಗೂ ನಡುವೆ ನಾನು ಏನನ್ನೂ ಕಟ್ಟಿಲ್ಲ. ದಾರಿ ತೋರಿಸಿ.

ಹಂಪಿ ಸುತ್ತುವವನು

ಮೇಡಂ, ವಿಜಯನಗರದ ಅಮರನಾಯಕರನ್ನು ನೋಡಿ. ಅರಸ ಅವರಿಗೆ ಸೀಮೆ ಕೊಡುತ್ತಿದ್ದ. ಅವರು ಇಷ್ಟು ಕುದುರೆ, ಇಷ್ಟು ಕಾಲಾಳು ಸಾಕಬೇಕು, ಜೊತೆಗೆ ಇಷ್ಟು ಹಣ ಕಟ್ಟಬೇಕು. ಆ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಮಹಾನವಮಿಯ ಒಂಬತ್ತು ದಿನದೊಳಗೇ ಅರಸನ ಹಣವೆಲ್ಲ ಸಂದಾಯವಾಗುತ್ತಿತ್ತು ಎಂದು ಬರೆದಿದ್ದಾನೆ. ಹಬ್ಬವೂ ಅದೇ, ಲೆಕ್ಕ ಒಪ್ಪಿಸುವ ದಿನವೂ ಅದೇ. ಬಾರದೆ ಹೋದ ನಾಯಕ ಯಾರು ಅಂತ ಎಲ್ಲರ ಕಣ್ಣಿಗೂ ಬೀಳುತ್ತದೆ.

ನಾಣ್ಯವನ್ನೂ ಮರೆಯಬೇಡಿ. ನಮ್ಮ ಬೆಂಗಳೂರು ಕಟ್ಟಿದ ಕೆಂಪೇಗೌಡರು ಭೈರವನ ಹೆಸರಿನಲ್ಲಿ ಸ್ವಂತ ನಾಣ್ಯ ಹಾಕಿಸಿದ್ದಕ್ಕೆ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದರು ಎಂದು ಹೇಳುತ್ತಾರೆ. ಕೋಟೆ ಕಟ್ಟಬಹುದು, ಕೆರೆ ಕಟ್ಟಬಹುದು, ಟಂಕಸಾಲೆ ಮಾತ್ರ ಇಡುವ ಹಾಗಿಲ್ಲ. ಇನ್ನು ನಿಮ್ಮ ತಂಗಿಯ ಪ್ರಶ್ನೆಗೆ 1565ರಲ್ಲಿ ವಿಜಯನಗರ ಯುದ್ಧದಲ್ಲಿ ಸೋತ ನಂತರದ ಕಥೆಯೇ ಉತ್ತರ. ಮೇಲಿನ ಹಿಡಿತ ಸಡಿಲವಾಯಿತು. ಮಧುರೆ, ತಂಜಾವೂರು, ಕೆಳದಿಯ ನಾಯಕರು ನಿಧಾನಕ್ಕೆ ತಾವೇ ಅರಸರಾದರು.

ನೀರಗಂಟಿ ಮೊಮ್ಮಗ

ನಾನು ಕೋಲಾರದ ಕಡೆಯವನು, ಈಗ ಕೆ.ಆರ್. ಪುರದಲ್ಲಿ ಇದ್ದೇನೆ. ಅಕ್ಕಾ, ನೀವು ಸಿಂಹಾಸನದಿಂದ ಕೆಳಗೆ ಕಟ್ಟುತ್ತಿದ್ದೀರಿ. ಒಂದು ಸಲ ಕೆರೆಯಿಂದ ಮೇಲಕ್ಕೆ ಕಟ್ಟಿ ನೋಡಿ.

ನಮ್ಮ ತಾತ ಊರಿನ ನೀರಗಂಟಿ. ಏರಿಯಿಂದ ಸ್ವಲ್ಪ ಒಳಗೆ, ನೀರಿನಲ್ಲೇ ನಿಂತ ಎರಡು ಕಲ್ಲುಕಂಬ, ನಡುವೆ ಅಡ್ಡಕಲ್ಲು. ಅದರ ತೂತಿನಲ್ಲಿ ಇಳಿಬಿಟ್ಟ ಉದ್ದನೆಯ ಕೋಲು, ಕೋಲಿನ ತುದಿಗೆ ಬಿರಡೆ. ಅದೇ ತೂಬು, ಕೆರೆಯ ನೀರನ್ನು ಗದ್ದೆಗೆ ಬಿಡುವ ಬಾಯಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ತಾತನ ಮಾತು. ಊರಿನ ದೊಡ್ಡ ರೈತರೂ ತೂಬಿಗೆ ಕೈ ಹಾಕುತ್ತಿರಲಿಲ್ಲ. ತಾತನಿಗೆ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಕಾಳು ಬರುತ್ತಿತ್ತು, ತಳವಾರ, ತೋಟಿ, ಬಡಗಿ, ಕಮ್ಮಾರರಿಗೆ ಬಂದ ಹಾಗೆ. ಇವರೇ ಆಯಗಾರರು. ಅರಸ ಯಾರೇ ಆಗಲಿ, ಊರು ನಡೆಯುತ್ತಿದ್ದದ್ದು ಇವರಿಂದ.

ಮಳೆ ತರಿಸುವುದು ನಿಮ್ಮ ರಾಣಿ, ಸರಿ. ಬಂದ ನೀರನ್ನು ಹಂಚುವವರು ಯಾರು? ಅದನ್ನು ಮೊದಲು ಬರೆಯಿರಿ.

ಶಾಸನದ ಹುಚ್ಚು

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ತಮಿಳುನಾಡಿನ ಉತ್ತರಮೇರೂರಿನ 919 ಮತ್ತು 921ರ ಚೋಳ ಶಾಸನಗಳಲ್ಲಿ ಕೆರೆಗೆ ಅಂತಲೇ ಒಂದು ಸಮಿತಿ ಇದೆ. ಹೆಸರು ಬರೆದ ಓಲೆಗಳನ್ನು ಮಡಕೆಗೆ ಹಾಕಿ, ಚಿಕ್ಕ ಹುಡುಗನ ಕೈಯಿಂದ ಎತ್ತಿಸಿ ಸದಸ್ಯರನ್ನು ಆರಿಸುತ್ತಿದ್ದರು. ಒಂದು ಸಲ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಮಡಕೆಗೇ ಬೀಳುವ ಹಾಗಿಲ್ಲ, ಅವನ ಹತ್ತಿರದ ನೆಂಟರದ್ದೂ ಇಲ್ಲ. ಹೊನ್ನಿಯ ಅಪ್ಪನೋ ಮಾವನೋ ಹಾಗೆ ಲೆಕ್ಕ ಒಪ್ಪಿಸದವರಾಗಿದ್ದರೆ?

ಗವಿಪುರದ ಅಕ್ಕ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ, ನಿಮ್ಮ ಮಾತುಗಳೇ ತಲೆಯಲ್ಲಿ. ಬೆಳಿಗ್ಗೆ ಬಸ್ಸಿಗೆ ಮೆಜೆಸ್ಟಿಕ್‌ನಲ್ಲಿ ನಿಂತಿದ್ದಾಗ, ಈ ನಿಲ್ದಾಣವೇ ಒಂದು ಕಾಲದ ಧರ್ಮಾಂಬುಧಿ ಕೆರೆ ಅಲ್ವಾ ಅನಿಸಿತು. ಇದಕ್ಕೂ ಒಬ್ಬ ನೀರಗಂಟಿ ಇದ್ದಿರಬೇಕು. ಅಲ್ಲೇ ನಿಂತು ಫೋನಿನಲ್ಲಿ ಬರೆದುಕೊಂಡೆ.

ನನ್ನ ಮುತ್ತಜ್ಜ ಶಾನುಭೋಗರು. ಅಜ್ಜಿ ಮನೆಯ ಪೆಟ್ಟಿಗೆಯಲ್ಲಿ ಅವರ ಕಡತ ಒಂದಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆದದ್ದು. ಚಿಕ್ಕವಳಿದ್ದಾಗ ನಾನು ಒಂದು ಸಾಲಿನ ಮೇಲೆ ಬೆರಳಾಡಿಸಿದೆ, ಅಂಕೆ ಅಳಿಸಿಯೇ ಹೋಯಿತು. ಅಜ್ಜಿ ಕೈ ಹಿಡಿದುಕೊಂಡು ಬಿಟ್ಟರು. ಆ ಅಂಕೆ ಎಷ್ಟಿತ್ತು ಅಂತ ಈಗ ಯಾರಿಗೂ ಗೊತ್ತಿಲ್ಲ.

ಹೊನ್ನಿ ಬರೆಯುವುದು ಇಂಥ ಕಡತದಲ್ಲೇ. ಲೆಕ್ಕ ಮುಗಿಲಕೋಟೆಗೆ ಹೋಗುವುದು ಬರೀ ಕಪ್ಪಕ್ಕಲ್ಲ. ಯಾವ ಕೆರೆಯಲ್ಲಿ ಎಷ್ಟು ನೀರಿದೆ ಅಂತ ಗೊತ್ತಿದ್ದರೆ ತಾನೇ ರಾಣಿ ಎಲ್ಲಿ ಎಷ್ಟು ಮಳೆ ಕರೆಯಬೇಕು ಅಂತ ತಿಳಿಯುವುದು! ನಾಡೊಡೆಯ ಬೆಳೆ ಮುಚ್ಚಿಡಲು ಅಂಕೆ ಅಳಿಸುತ್ತಾನೆ, ಕೆರೆ ಬತ್ತಿದೆ ಅಂತ ಬರೆಸುತ್ತಾನೆ. ತುಂಬಿದ ಕೆರೆಯ ಮೇಲೆ ಮಳೆ ಬರುತ್ತದೆ. ಹೆಚ್ಚಾದ ನೀರು ಹೊರಹೋಗುವ ಕೋಡಿ ಸಾಲದೆ ಏರಿ ಬಿರುಕು ಬಿಡುತ್ತದೆ. ತೂಬಿನ ಕೋಲಿನ ಮೇಲೆ ನೀರಗಂಟಿ ಕೆತ್ತಿದ ಗುರುತು ಮಾತ್ರ ಅಳಿಸಿರುವುದಿಲ್ಲ.

ನೀರಗಂಟಿ ಮೊಮ್ಮಗ ಅವರೇ, ಒಂದು ಕೇಳಲೇ? ಕೆರೆ ಪೂರ್ತಿ ತುಂಬಿದಾಗ ಆ ಕೋಲನ್ನು ಹೊನ್ನಿ ಒಬ್ಬಳೇ ಎತ್ತಬಹುದಾ?

ನೀರಗಂಟಿ ಮೊಮ್ಮಗ

ಆಗಲ್ಲ ಅಕ್ಕಾ. ನೀರಿನ ಭಾರಕ್ಕೆ ಬಿರಡೆ ಕಚ್ಚಿಕೊಂಡಿರುತ್ತದೆ. ತಾತ ಇನ್ನೊಬ್ಬರನ್ನು ಕರೆದುಕೊಂಡೇ ಹೋಗುತ್ತಿದ್ದರು. ಅವಳ ಜೊತೆ ಯಾರನ್ನಾದರೂ ಕಳಿಸಿ, ಈಜು ಬರುವವರನ್ನು.