ಮೂರು ನೋ ಟ್ರಂಪ್: ಡೈಮಂಡ್ ಫಿನೆಸ್ ಯಾವ ಕಡೆಗೆ ಆಡಬೇಕಿತ್ತು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬ್ರಿಡ್ಜ್ ಇಸ್ಪೀಟಾಟದ ತಂಡಗಳ ಪಂದ್ಯವೊಂದರಲ್ಲಿ, ಎರಡೂ ಕಡೆಯವರು ವಲ್ನರಬಲ್ (ಗೆಲುವು ಸೋಲು ಎರಡಕ್ಕೂ ಹೆಚ್ಚು ಅಂಕ ಸಲ್ಲುವ ಸ್ಥಿತಿ) ಆಗಿದ್ದಾಗ, ದಕ್ಷಿಣದಲ್ಲಿ ಕುಳಿತಿದ್ದ ನಾನು ದೊಡ್ಡ ಎಲೆಗಳಿಗೆ 15–17 ಅಂಕ ಇದ್ದಾಗ ಹೇಳುವ ಒಂದು ನೋ ಟ್ರಂಪ್ (ತುರುಫಿಲ್ಲದೆ ಹದಿಮೂರು ಸುತ್ತುಗಳಲ್ಲಿ, ಅಂದರೆ ಟ್ರಿಕ್‌ಗಳಲ್ಲಿ, ಏಳನ್ನು ಗೆಲ್ಲುವ ಮಾತು) ಕರೆದೆ. ಜೊತೆಗಾರರು ನೇರವಾಗಿ ಮೂರಕ್ಕೆ, ಅಂದರೆ ಒಂಬತ್ತು ಟ್ರಿಕ್‌ಗೆ, ಏರಿಸಿದರು. ಎದುರಾಳಿಗಳಿಬ್ಬರೂ ಪಾಸ್ ಹೇಳಿದರು.

ಡಮ್ಮಿ (ಮೇಜಿನ ಮೇಲೆ ತೆರೆದಿಟ್ಟ ಜೊತೆಗಾರರ ಕೈ): ♠ 7 4 ♥ ಎಕ್ಕ 6 5 ♦ ಎಕ್ಕ ಗುಲಾಮ 10 9 5 ♣ 8 6 3
ನನ್ನ ಕೈ: ♠ ಎಕ್ಕ 8 3 ♥ ರಾಜ ರಾಣಿ 4 2 ♦ ರಾಜ 8 3 ♣ ಎಕ್ಕ ಗುಲಾಮ 5

ಪಶ್ಚಿಮದವರು ಸ್ಪೇಡ್ 6 ಇಳಿದರು, ಪೂರ್ವದವರು ರಾಣಿ ಹಾಕಿದರು, ನಾನು ಎಕ್ಕವನ್ನು ತಡೆಹಿಡಿದೆ. ಪೂರ್ವದವರು 10 ಆಡಿದಾಗಲೂ ಬಿಟ್ಟೆ. ಅದಕ್ಕೆ ಪಶ್ಚಿಮದಿಂದ 2 ಬಿತ್ತು. ಮೂರನೆಯ ಸಲ 5 ಬಂದಾಗ ಎಕ್ಕದಿಂದ ಗೆದ್ದು, ಡಮ್ಮಿಯಿಂದ ಒಂದು ಕ್ಲಬ್ ಎಸೆದೆ. ಪಶ್ಚಿಮದಲ್ಲಿ ಐದು ಸ್ಪೇಡ್, ಪೂರ್ವದಲ್ಲಿ ಮೂರು ಎಂದಾದ ಮೇಲೆ ಅವರಿಗೆ ಬೇರೆ ಎಲೆಗಳಿಗಾಗಿ ಉಳಿಯುವ ಜಾಗ ಕ್ರಮವಾಗಿ 8 ಮತ್ತು 10. ಆದ್ದರಿಂದ ಡೈಮಂಡ್ ರಾಣಿ ಪೂರ್ವದಲ್ಲಿರುವ ಸಂಭವವೇ ಹೆಚ್ಚೆಂದು ಎಣಿಸಿ, ಹಾರ್ಟ್ ಎಕ್ಕದಿಂದ ಡಮ್ಮಿಗೆ ಹೋಗಿ ಡೈಮಂಡ್ ಗುಲಾಮನನ್ನು ಆಡಿ, ನನ್ನ ಕೈಯಿಂದ 3 ಹಾಕಿದೆ (ರಾಣಿ ಪೂರ್ವದಲ್ಲಿದ್ದರೆ ಸಿಕ್ಕಿಬೀಳಲೆಂದು; ಇದಕ್ಕೇ ಫಿನೆಸ್ ಎನ್ನುವುದು). ಪಶ್ಚಿಮದವರು ರಾಣಿಯಿಂದ ಗೆದ್ದು ಎರಡು ಸ್ಪೇಡ್ ಟ್ರಿಕ್ ತೆಗೆದುಕೊಂಡರು. ಆಟ ಒಂದು ಟ್ರಿಕ್ಕಿನಿಂದ ಸೋತಿತು. ಲೆಕ್ಕ ಸರಿಯಿದ್ದರೂ ಯೋಜನೆಯಲ್ಲಿ ಕೊರತೆ ಎಲ್ಲಿದೆ ಎಂದು ದಯವಿಟ್ಟು ತಿಳಿಸಿ.

ಉತ್ತರ 1

ತಮ್ಮ ಲೆಕ್ಕ ಸರಿಯಾಗಿಯೇ ಇದೆ. ರಾಣಿ ಪೂರ್ವದಲ್ಲಿರುವ ಸಂಭವ 18ರಲ್ಲಿ 10. ಆದರೆ ಈ ಕೈಯಲ್ಲಿ ರಾಣಿ ಎಲ್ಲಿದೆಯೆಂದು ಊಹಿಸುವ ಅಗತ್ಯವೇ ಬರುವುದಿಲ್ಲ. ಖಚಿತವಾದ ಟ್ರಿಕ್‌ಗಳನ್ನು ಎಣಿಸಿ ನೋಡಿ: ಸ್ಪೇಡ್ ಒಂದು, ಹಾರ್ಟ್ ಮೂರು, ಡೈಮಂಡ್ ಎರಡು, ಕ್ಲಬ್ ಒಂದು, ಒಟ್ಟು ಏಳು. ರಾಣಿಗೆ ಒಂದು ಟ್ರಿಕ್ ಬಿಟ್ಟುಕೊಟ್ಟರೂ ಡೈಮಂಡ್‌ನಲ್ಲಿ ನಾಲ್ಕು ಬರುವುದರಿಂದ ಒಂಬತ್ತು ತುಂಬುತ್ತದೆ. ಹಾಗಾಗಿ ಆ ಒಂದು ಟ್ರಿಕ್ ಯಾರ ಕೈಗೆ ಹೋಗಬೇಕು ಎಂಬುದಷ್ಟೇ ತೀರ್ಮಾನಿಸಬೇಕಾದ ವಿಷಯ.

ಅದಕ್ಕೆ ಬೇಕಾದ ಮಾಹಿತಿಯೆಲ್ಲ ಸ್ಪೇಡ್‌ನಲ್ಲೇ ಸಿಕ್ಕಿತ್ತು. ಉದ್ದದ ಬಣ್ಣದಲ್ಲಿ ಮೇಲಿನಿಂದ ನಾಲ್ಕನೆಯ ಎಲೆ ಇಳಿಯುವ ವಾಡಿಕೆಯಲ್ಲಿ ಹನ್ನೊಂದರಿಂದ 6 ಕಳೆದರೆ ಐದು; ಅಂದರೆ 6ಕ್ಕಿಂತ ದೊಡ್ಡ ಐದು ಎಲೆಗಳು ಉಳಿದ ಮೂರು ಕೈಗಳಲ್ಲಿರುತ್ತವೆ. ತಮಗೆ ಎಕ್ಕ, 8 ಮತ್ತು ಡಮ್ಮಿಯ 7 ಕಾಣುತ್ತಿದ್ದುದರಿಂದ ಪೂರ್ವದ ಪಾಲು ಎರಡೇ, ರಾಣಿ ಮತ್ತು 10. ಎರಡನೆಯ ಟ್ರಿಕ್‌ಗೆ ಪಶ್ಚಿಮದಿಂದ ಬಿದ್ದ 2 ಅವರಿಗೆ ನಾಲ್ಕಕ್ಕಿಂತ ಹೆಚ್ಚು ಎಲೆಗಳಿದ್ದವೆಂದು ಹೇಳಿತು, ಪೂರ್ವದಿಂದ ಬಂದ 5 ಆ ಸಂಖ್ಯೆ ಐದೇ ಎಂದು ನಿಶ್ಚಯಿಸಿತು. ತಾವು ಎರಡು ಸಲ ಬಿಟ್ಟದ್ದರಿಂದ ಈಗ ಪೂರ್ವದ ಬಳಿ ಸ್ಪೇಡ್ ಇಲ್ಲ. ಪಶ್ಚಿಮದ ಬಳಿ ರಾಜ, ಗುಲಾಮ ಕಾದು ಕುಳಿತಿವೆ. ಅಪಾಯದ ಕೈ ಪಶ್ಚಿಮದ್ದು.

ಆದ್ದರಿಂದ ಸ್ಪೇಡ್ ಎಕ್ಕದ ನಂತರ ನಿಮ್ಮ ಕೈಯಿಂದಲೇ ಡೈಮಂಡ್ ರಾಜನನ್ನು ಆಡಿ, ಆಮೇಲೆ 8 ಇಳಿಯಿರಿ. ಪಶ್ಚಿಮದವರು ಸಣ್ಣ ಎಲೆ ಹಾಕಿದರೂ, ಡೈಮಂಡ್ ಮುಗಿದು ಬೇರೆ ಎಲೆ ಎಸೆದರೂ ಡಮ್ಮಿಯಿಂದ ಗುಲಾಮನನ್ನು ಹಾಕಿ. ರಾಣಿಯೇ ಬಂದರೆ ಎಕ್ಕದಿಂದ ಮುಚ್ಚಿ. ರಾಣಿ ಪಶ್ಚಿಮದಲ್ಲಿದ್ದರೆ ಅದು ಸಿಕ್ಕಿಬೀಳುತ್ತದೆ, ಪೂರ್ವದಲ್ಲಿದ್ದರೆ ಗೆದ್ದವರ ಬಳಿ ಸ್ಪೇಡ್ ಇಲ್ಲ. ಉಳಿದ ಐದು ಡೈಮಂಡ್ ಒಂದೇ ಕೈಯಲ್ಲಿದ್ದರೂ ನಾಲ್ಕು ಟ್ರಿಕ್ ಬರುತ್ತವೆ. ಎಲೆಗಳ ಹಂಚಿಕೆ ಹೇಗಿದ್ದರೂ ನಿಲ್ಲುವ ಇಂಥ ಯೋಜನೆ ಸಿಗುವುದು ಅಪರೂಪ; ಇದನ್ನು ಕೈಬಿಡಬಾರದು.

ಪ್ರಶ್ನಿಸಿದವರು

ಬಹಳ ಉಪಕಾರವಾಯಿತು. ಪೂರ್ವದವರು ರಾಣಿಯಿಂದ ಗೆದ್ದು ಕ್ಲಬ್ 9 ಆಡಿದರೆ ನಾನು ಗುಲಾಮನನ್ನು ಹಾಕಬಹುದೇ?

ಉತ್ತರ 1

ಖಂಡಿತ ಬೇಡ. ಅದನ್ನು ಪಶ್ಚಿಮದವರು ರಾಣಿಯಿಂದಲೋ ರಾಜನಿಂದಲೋ ಗೆದ್ದರೆ ಎರಡು ಸ್ಪೇಡ್ ಎಳೆದುಕೊಳ್ಳುತ್ತಾರೆ, ಎರಡು ಸ್ಪೇಡ್ ಮತ್ತು ಡೈಮಂಡ್ ರಾಣಿ ಮೊದಲೇ ಹೋಗಿರುವುದರಿಂದ ಒಟ್ಟು ಆರು ಟ್ರಿಕ್ ಸೋತು ಎರಡರಿಂದ ಬೀಳುತ್ತೀರಿ. ಎಕ್ಕವನ್ನು ತಕ್ಷಣ ಹಾಕಿ, ಕೊನೆಯ ಡೈಮಂಡ್‌ನಿಂದ ಡಮ್ಮಿಯ ಎಕ್ಕಕ್ಕೆ ಹೋಗಿ, ಒಂಬತ್ತನ್ನು ಎಣಿಸಿಕೊಳ್ಳಿ.

ಉತ್ತರ 2

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಜೋಡಿಗಳ ಪಂದ್ಯವಾಗಿದ್ದರೆ ಪ್ರಶ್ನಿಸಿದವರ ದಾರಿಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ರಾಣಿ ಪೂರ್ವದಲ್ಲಿದ್ದರೆ ಅವರಿಗೆ ಸಾಮಾನ್ಯವಾಗಿ ಹತ್ತು ಟ್ರಿಕ್, ಸುರಕ್ಷಿತವಾಗಿ ಆಡಿದವರಿಗೆ ಒಂಬತ್ತು. ಅಲ್ಲಿ ಆ ಒಂದು ಟ್ರಿಕ್ಕಿಗೂ ಪೂರ್ತಿ ಬೆಲೆಯಿದೆ, ಮತ್ತು ಸಂಭವ 18ರಲ್ಲಿ 10. ತಂಡಗಳ ಪಂದ್ಯದಲ್ಲಿ ಹಾಗಲ್ಲ. ಅಲ್ಲಿ ಹತ್ತು ಟ್ರಿಕ್ಕಿನ 630 ಅಂಕಕ್ಕೂ ಒಂಬತ್ತರ 600ಕ್ಕೂ ಇರುವ ಅಂತರದಿಂದ ಸಿಗುವುದು ಒಂದು ಐಎಂಪಿ (ಎರಡು ಮೇಜುಗಳ ಅಂಕಗಳ ವ್ಯತ್ಯಾಸದಿಂದ ಲೆಕ್ಕ ಹಾಕುವ ತಂಡದ ಅಂಕ). ಇನ್ನೊಂದು ಮೇಜಿನಲ್ಲಿ 630 ಬಂದಿರುವಾಗ ಇಲ್ಲಿ 100 ಕಳೆದುಕೊಂಡರೆ ಹೋಗುವುದು ಹನ್ನೆರಡು.