ಅಜ್ಜಯ್ಯನ ಪಟ್ಟಾಭಿಷೇಕದ ಪಟ ಮತ್ತು ಆಲೂಗೆಡ್ಡೆ

ಗುಂಪು: ಅಗ್ರಹಾರದ ಮನೆ

ಮೈಸೂರು ಅತ್ತೆ (ಫಾರ್ವರ್ಡ್): "ಹಳೆಯ ಪಟಗಳಿಗೆ ಗಾಜು ಹಾಕಬೇಡಿ!! ಗಾಜಿನೊಳಗೆ ಗಾಳಿ ಇಲ್ಲದೆ ಬಣ್ಣ ಸಾಯುತ್ತದೆ. ಗಾಜು ತೆಗೆದು ಆಲೂಗೆಡ್ಡೆ ಹೋಳಿನಿಂದ ಮೆತ್ತಗೆ ಒರೆಸಿ. ನೂರು ವರ್ಷದ ಪಟವೂ ಹೊಸದಾಗುತ್ತದೆ. ಹತ್ತು ಜನರಿಗೆ ಕಳಿಸಿ."

ಮೈಸೂರು ಅತ್ತೆ: ನಾನು ಮೊದಲಿಂದಲೂ ಹೇಳುತ್ತಿದ್ದೆ. ಪಟ್ಟಾಭಿಷೇಕದ ಪಟಕ್ಕೆ ಬೂಷ್ಟು ಬಂದಿರುವುದು ಗಾಜಿನಿಂದಲೇ. ಕಟ್ಟು ಹಾಕಿಸಿದ್ದು ಯಾರು ಅಂತ ಎಲ್ಲರಿಗೂ ಗೊತ್ತು.

ದೊಡ್ಡಪ್ಪ: ನಾನೇ ಹಾಕಿಸಿದ್ದು. 1997ರಲ್ಲಿ, ನನ್ನ ಸ್ವಂತ ದುಡ್ಡಿನಲ್ಲಿ. ಆಗ ಯಾರೂ ಬೇಡ ಅನ್ನಲಿಲ್ಲ.

ಚಿಕ್ಕಪ್ಪ: ಅಕ್ಕ, ಇದನ್ನು ಬರೆದವರು ಯಾರು? ಹೆಸರಿಲ್ಲ, ಊರಿಲ್ಲ. ಬಣ್ಣ ಸಾಯುತ್ತದೆ ಅಂದರೆ ಏನರ್ಥ?

ಮೈಸೂರು ಅತ್ತೆ: ನಮ್ಮ ಭಜನಾ ಮಂಡಳಿ ಗುಂಪಿನಲ್ಲಿ ಬಂತು. ಅವರೆಲ್ಲ ಓದಿದವರೇ.

ಚಿಕ್ಕಪ್ಪ: ಓದಿದವರಾದರೆ ಎಲ್ಲಿ ಓದಿದರು ಅಂತ ಹೇಳಲಿ.

ಮೈಸೂರು ಅತ್ತೆ: ನೀನು ರಿಟೈರ್ ಆಗಿ ಆರು ವರ್ಷ ಆಯಿತು. ನನಗೆ ಪಾಠ ಮಾಡುವುದು ಮಾತ್ರ ಬಿಡಲಿಲ್ಲ.

ದೊಡ್ಡಪ್ಪ: ಗಾಜು, ಆಲೂಗೆಡ್ಡೆ ಎಲ್ಲ ಆಮೇಲೆ. ಅದು ದೇವರ ಪಟ. ದಿನಾ ಎದುರಿಗೆ ದೀಪ ಹಚ್ಚಿ, ಭಕ್ತಿಯಿಂದ ಕೈ ಮುಗಿದರೆ ಬೂಷ್ಟು ಯಾಕೆ ಬರುತ್ತದೆ? ಈಗಿನವರಿಗೆ ಪಟ ಅಂದರೆ ಗೋಡೆಗೆ ಅಲಂಕಾರ ಅಷ್ಟೇ.

ಮೈಸೂರು ಅತ್ತೆ: ಅಣ್ಣ, ಮೂವತ್ತು ವರ್ಷದಿಂದ ದೀಪ ಹಚ್ಚುತ್ತಿರುವವಳು ನಾನು. ಬೆಂಗಳೂರಿಂದ ಬಂದು ಫೋಟೋ ತೆಗೆದುಕೊಂಡು ಹೋಗುವವರು ಭಕ್ತಿಯ ಮಾತು ಆಡಬಾರದು. ಬೆಳಗ್ಗೆ ಗಾಜು ತೆಗೆದು ಕೆಳಗಿನ ಅಂಚಿನಲ್ಲಿ ಸ್ವಲ್ಪ ಒರೆಸಿಯೂ ನೋಡಿದೆ. ಹೋಳು ಹಳದಿ ಆಯಿತು, ಅಷ್ಟು ಕೊಳೆ. ಪಟದ ಬಗ್ಗೆ ನನಗೆ ಕಾಳಜಿ ಇಲ್ಲ ಅನ್ನಬೇಡ.

ದೊಡ್ಡಪ್ಪ: ಫೋಟೋ ತೆಗೆಯುವುದೂ ತಪ್ಪಾ? ಭಾಗ ಆದಾಗ ಪಟ ನನಗೆ ಅಂತ ಅಪ್ಪ ಹೇಳಿದ್ದರು. ತಂಗಿ ಕೇಳಿದಳು ಅಂತ ಬಿಟ್ಟುಕೊಟ್ಟೆ.

ಶಿವಮೊಗ್ಗ ಪುಟ್ಟಣ್ಣ: ಆ ಪಟ ಅಂದರೆ ನನಗೆ ರಾಮನವಮಿ. ಪಾನಕದ ತಂಬಿಗೆ ಪಟದ ಕೆಳಗೆ ಇರುತ್ತಿತ್ತು. ಅಜ್ಜಿ ಕೋಸಂಬರಿಗೆ ಹೆಸರುಬೇಳೆ ನೆನೆಸುತ್ತಿದ್ದರು. ಒಂದು ವರ್ಷ ಎಲ್ಲರೂ ಜಗನ್ಮೋಹನ ಅರಮನೆಗೆ ಹೋಗಿದ್ದೆವು, ನೆನಪಿದೆಯಾ? ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿ ಅಜ್ಜಿ "ಬೆಳಕು ಮುಖಕ್ಕೇ ಬೀಳುತ್ತಿದೆಯಲ್ಲೇ" ಅಂದಿದ್ದರು. ಆ ಕೋಣೆ ಕತ್ತಲೆಯಾಗಿತ್ತು.

ಚಿಕ್ಕಪ್ಪ: ಹಲ್ದಣಕರ್ ಬರೆದದ್ದು. ಅದು ಜಲವರ್ಣ. ಎಣ್ಣೆ ಬಣ್ಣ ಅಂತ ತುಂಬಾ ಜನ ಅಂದುಕೊಂಡಿದ್ದಾರೆ.

ಪುಟ್ಟಣ್ಣ: ವಾಪಸ್ ಬರುವಾಗ ಟಾಂಗಾ ಹತ್ತಿದ್ದೆವು. ದೊಡ್ಡಪ್ಪನ ಚಪ್ಪಲಿ ಬಿದ್ದುಹೋಯಿತು.

ದೊಡ್ಡಪ್ಪ: ಅದು ನನ್ನದಲ್ಲ, ನಿನ್ನ ಅಪ್ಪನದು.

ನಾನು: ಎಲ್ಲರೂ ಒಂದು ನಿಮಿಷ ಇದನ್ನು ಪೂರ್ತಿ ಓದಿ. ನಾನು ಎರಡು ವರ್ಷ ಮೈಸೂರು ಶೈಲಿಯ ಚಿತ್ರಕಲೆ ಕಲಿತವಳು, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಪಟದಲ್ಲಿ ರಾಮನ ಕಿರೀಟ, ಸಿಂಹಾಸನ ಎಲ್ಲ ಸ್ವಲ್ಪ ಉಬ್ಬಿಕೊಂಡಿವೆ ಅಲ್ವಾ? ಅದು ಗೆಸ್ಸೊ ಕೆಲಸ. ಬಿಳಿ ಸೀಸದ ಪುಡಿ, ರೇವಣಚಿನ್ನಿ ಹಾಲು (ಮರದಿಂದ ಬರುವ ಹಳದಿ ಅಂಟು), ಗೋಂದು ಸೇರಿಸಿ, ಕುಂಚದಲ್ಲಿ ಎಳೆ ಎಳೆಯಾಗಿ ಎತ್ತಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರು ಪಟದಷ್ಟು ದಪ್ಪ ಇರುವುದಿಲ್ಲ, ಕಲ್ಲುಗಳೂ ಇರುವುದಿಲ್ಲ. ತೀರಾ ತೆಳು. ಹಿಡಿದಿರುವುದು ಗೋಂದು, ಗೋಂದು ನೀರಿಗೆ ಕರಗುತ್ತದೆ. ಆಲೂಗೆಡ್ಡೆಯಲ್ಲಿ ಇರುವುದು ನೀರು ಮತ್ತು ಗಂಜಿ. ನೀರು ಬಣ್ಣವನ್ನು ಎಬ್ಬಿಸುತ್ತದೆ, ಗಂಜಿ ಅಲ್ಲೇ ಉಳಿದು ಬೂಷ್ಟಿಗೆ ಊಟ ಆಗುತ್ತದೆ.

ಗಾಜು ಬೇಕು. ಆದರೆ ಗಾಜು ಪಟಕ್ಕೆ ತಾಗಬಾರದು. ಮಳೆಗಾಲದಲ್ಲಿ ಗಾಜಿನ ಒಳಗೆ ಬೆವರಿದರೆ ಬಣ್ಣ ಗಾಜಿಗೇ ಅಂಟಿಕೊಳ್ಳುತ್ತದೆ. ಸುತ್ತಲೂ ಆಮ್ಲ ಇಲ್ಲದ ಮೌಂಟ್ ಬೋರ್ಡ್ (ದಪ್ಪ ರಟ್ಟು) ಕೊಟ್ಟರೆ ನಡುವೆ ಜಾಗ ಉಳಿಯುತ್ತದೆ. ಗಾಜಿನ ಬದಲು ಅಕ್ರಿಲಿಕ್ ಬೇಡ, ಒರೆಸಿದಾಗ ಅದರಲ್ಲಿ ವಿದ್ಯುತ್ ಹುಟ್ಟಿ ಸಡಿಲವಾದ ರೇಕನ್ನು ಎಳೆದುಕೊಳ್ಳುತ್ತದೆ. ನಮ್ಮ ಪಟದ ಹಿಂದೆ ಇರುವುದು ಪ್ಲೈವುಡ್ ಮತ್ತು ಸೆಲ್ಲೋಟೇಪ್. ಕಾಗದಕ್ಕೆ ಕಂದು ಕಲೆ ಬಂದಿರುವುದು ಅಲ್ಲಿಂದ. ದೊಡ್ಡಪ್ಪ, ಇದು ನಿಮ್ಮ ತಪ್ಪಲ್ಲ, ಆಗ ಎಲ್ಲ ಅಂಗಡಿಯಲ್ಲೂ ಹಾಗೇ ಹಾಕುತ್ತಿದ್ದರು.

ದೀಪದ ಹೊಗೆಯಿಂದ ದೂರ ಇಡಿ. ಬಚ್ಚಲಿನ ಕಡೆ ಗೋಡೆ, ಬಿಸಿಲು ಬೀಳುವ ಗೋಡೆ ಎರಡೂ ಬೇಡ. ಮ್ಯೂಸಿಯಂನವರು ಕಾಗದದ ಚಿತ್ರಗಳಿಗೆ ಸುಮಾರು 50 ಲಕ್ಸ್ (ಬೆಳಕಿನ ಅಳತೆ), ಅಂದರೆ ಮಂದ ಬೆಳಕಷ್ಟೇ ಇಡುತ್ತಾರೆ. ಪುಟ್ಟಣ್ಣ, ನೀನು ನೋಡಿದ ಕೋಣೆ ಕತ್ತಲೆ ಇದ್ದದ್ದು ಚಿತ್ರಕ್ಕೂ ಒಳ್ಳೆಯದೇ.

ದೊಡ್ಡಪ್ಪ: ಪ್ಲೈವುಡ್ಡಿನ ಮಾತು ಬಂತಲ್ಲ, ಅಂದರೆ ತಪ್ಪು ನನ್ನದೇ ಅಂತ ತಾನೇ?

ಚಿಕ್ಕಪ್ಪ: ಅವಳು ಕಾರಣ ಕೊಟ್ಟಿದ್ದಾಳೆ ಅಣ್ಣ. ಫಾರ್ವರ್ಡಿನಲ್ಲಿ ಒಂದೂ ಇಲ್ಲ.

ಮೈಸೂರು ಅತ್ತೆ: ಎಲ್ಲರೂ ಸೇರಿ ನನ್ನನ್ನೇ ಅನ್ನುತ್ತೀರಿ.

ನಾನು: ಅತ್ತೆ, ಈಗ ಮೇಲೆ ಹೋಗಿ ಮತ್ತೆ ಓದಿದೆ. ಹೋಳು ಹಳದಿ ಆಯಿತು ಅಂದಿದ್ದೀರಿ. ಯಾವ ಜಾಗದಲ್ಲಿ ಒರೆಸಿದ್ದು?

ಮೈಸೂರು ಅತ್ತೆ: ಸಿಂಹಾಸನದ ಕಾಲಿನ ಹತ್ತಿರ. ಎರಡು ಬೆರಳು ಅಗಲ.

ನಾನು: ಅತ್ತೆ, ಅದು ಕೊಳೆಯಲ್ಲ. ರೇವಣಚಿನ್ನಿ. ಗೆಸ್ಸೊ ಕರಗಿ ಬಂದಿದೆ.

(ಹತ್ತು ನಿಮಿಷ ಯಾರೂ ಬರೆಯಲಿಲ್ಲ.)

ಮೈಸೂರು ಅತ್ತೆ: ಹೋಳಿನ ಮೇಲೆ ಏನೋ ಮಿನುಗುತ್ತಿತ್ತು. ನಾನು ನೋಡಿ ಸುಮ್ನೆ ಎಸೆದುಬಿಟ್ಟೆ.

ನಾನು: ಅಳಬೇಡಿ ಅತ್ತೆ. ಇನ್ನು ಒರೆಸಬೇಡಿ, ಬಟ್ಟೆಯಿಂದಲೂ ಬೇಡ. ಮುಖ ಮೇಲೆ ಮಾಡಿ ಮಂಚದ ಮೇಲೆ ಮಲಗಿಸಿ. ಫ್ಯಾನ್ ಹಾಕಬೇಡಿ. ಉದುರಿದ ಚೂರು ಕಂಡರೆ ಬಿಳಿ ಕಾಗದದ ಪೊಟ್ಟಣದಲ್ಲಿ ಇಡಿ, ಫೆವಿಕಾಲ್ ಮುಟ್ಟಬೇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನವರು ಹಳೆಯ ಚಿತ್ರಗಳನ್ನು ಸರಿಪಡಿಸುವ ಕೇಂದ್ರ ಶುರುಮಾಡಿದ್ದರು. ನಾಳೆ ಫೋನ್ ಮಾಡಿ ಕೇಳುತ್ತೇನೆ.

ದೊಡ್ಡಪ್ಪ: ಫೋನ್ ಆದ ಮೇಲೆ ದಿನ ಹೇಳು. ನಾನು ಕಾರು ತರುತ್ತೇನೆ. ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿಕೊಂಡು ಬರೋಣ.

ಮೈಸೂರು ಅತ್ತೆ: ಸೀಟಿನಲ್ಲಿ ಬೇಡ, ಜಾರುತ್ತದೆ. ನಾನು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕೂರುತ್ತೇನೆ. ನೀನು ನಿಧಾನ ಓಡಿಸು.

ದೊಡ್ಡಪ್ಪ: ಆಯಿತು.

ಮೈಸೂರು ಅತ್ತೆ: ಅಣ್ಣ, ಸರಿಯಾದ ಮೇಲೆ ಪಟ ಮೈಸೂರಿಗೇ ವಾಪಸ್ ಬರಬೇಕು. ಈಗಲೇ ಹೇಳಿದ್ದೇನೆ.